ನಾನು ಕತ್ತರಿಸಿ ಹಾಕಿದ ಕೆಮ್ಮು

ಚಿಗವ್ವ,

ಕಾಗದ ಬರೆದರೆ ಓದುವವರು ಯಾರು ಅಂತ ನಗಬೇಡ. ನೀನಿದ್ದಾಗಲೂ ನನ್ನ ಅಕ್ಷರ ನಿನಗೆ ತಿಳಿಯುತ್ತಿರಲಿಲ್ಲ, ನಾನೇ ಓದಿ ಹೇಳುತ್ತಿದ್ದೆ. ಇದನ್ನೂ ಹಾಗೆ ಕೇಳಿಸಿಕೋ.

ಮೊದಲ ದಿನ ನೆನಪಿದೆಯಾ? ಹಡಗಲಿಯ ನಿನ್ನ ಮನೆಕಟ್ಟೆಯ ಮೇಲೆ ಮಲ್ಲಿಗೆ ಕಟ್ಟುತ್ತ ಕೂತಿದ್ದೆ ನೀನು. ಮೊಬೈಲು ಮುಂದಿಟ್ಟು ನನ್ನ ಓದಿನ ಕೆಲಸ ವಿವರಿಸಿದೆ: ಜನರ ಮಾತು ರೆಕಾರ್ಡ್ ಮಾಡಿ, ಬರೆದು, ರೋಗ, ಜಡ್ಡು, ಬ್ಯಾನಿ ಎಂಬ ಪದಗಳು ಯಾವ ಮಾತಿನ ಪಕ್ಕ ಬರುತ್ತವೆ ಎಂದು ಕಂಪ್ಯೂಟರಿನಲ್ಲಿ ಹುಡುಕುವುದು. ಇಂಡೋನೇಷ್ಯಾದ ಭಾಷೆಯಲ್ಲೂ ಹೀಗೆ ನೋಡಿದ್ದಾರೆ ಎಂದೆ. "ಅವರಿಗೂ ನಮ್ಮಂಗ ಜಡ್ಡು ಬರ್ತಾವೇನವಾ?" ಎಂದ ನೀನು ಉತ್ತರಕ್ಕೂ ಕಾಯದೆ ನನ್ನ ವರ್ಷದ ಕೆಲಸವನ್ನು ಒಂದೇ ಉಸಿರಿಗೆ ಮುಗಿಸಿಬಿಟ್ಟೆ: "ಗಿಡಕ್ಕ ರೋಗ, ಮನಶ್ಯಾಗ ಜಡ್ಡು, ಹೊಟ್ಟಿಗೆ ಬ್ಯಾನಿ. ಇದಕ್ಯಾಕ ಇಷ್ಟು ಓದಬೇಕು?"

ಮಾತು ರೆಕಾರ್ಡ್ ಮಾಡಲು ಗುಡೇಕೋಟೆಗೆ ಹೊರಟಾಗ ನೀನೂ ಬಸ್ಸಿನಲ್ಲಿ ಜೊತೆಗೆ ಬಂದೆ. ನನ್ನೆದುರು ಬಾಯಿ ಬಿಡದವರು, ನೀನು ಎಲೆಅಡಿಕೆ ಚೀಲ ಬಿಚ್ಚಿದರೆ ಮನೆಮಂದಿಯ ಜಡ್ಡೆಲ್ಲ ಹೇಳುತ್ತಿದ್ದರು. ಸಂಜೆ ನಾನು ರೆಕಾರ್ಡಿಂಗ್ ಶುಚಿ ಮಾಡುತ್ತಿದ್ದೆ. ಬಸ್ಸಿನ ಹಾರನ್, ನಾಯಿ ಬೊಗಳಿದ್ದು, ನಿನ್ನ ಕೆಮ್ಮು. ನಮ್ಮ ಕೆಲಸದಲ್ಲಿ ಎಲ್ಲಕ್ಕೂ ಒಂದೇ ಹೆಸರು, ಗದ್ದಲ. ಕತ್ತರಿಸಿ ಹಾಕುತ್ತಿದ್ದೆ.

ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ, "ಕೆಮ್ಮು ಯಾವಾಗಿಂದ ಐತಿ?" ಎಂದು ಡಾಕ್ಟರು ಕೇಳಿದಾಗ ನೀನು ನನ್ನ ಮುಖ ನೋಡಿದೆ. "ಒಂದೆರಡು ವಾರ ಆಗಿರಬೇಕ್ರಿ" ಎಂದೆ ನಾನು. ಸುಳ್ಳಲ್ಲ, ಹಾಗೆಂದೇ ತಿಳಿದಿದ್ದೆ. ದಿನಾ ಕೇಳಿದ್ದನ್ನು ಹೇಗೆ ಕೇಳದೆ ಹೋದೆ? ನೀನಾದರೂ ಬಾಯಿ ಬಿಡಬಾರದಿತ್ತೇ... ಶ್ವಾಸಕೋಶ ಕೆಟ್ಟಿದೆ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ಯಾರು ತಮ್ಮ ಕಾಯಿಲೆಯನ್ನು ಯಾವ ಪದದಲ್ಲಿ ಹೇಳಿಕೊಂಡರು ಎಂಬ ಪಟ್ಟಿ ಮಾಡಿದ್ದೇನೆ. ಅದರಲ್ಲಿ ನಿನ್ನ ಸಾಲು ಪೂರಾ ಖಾಲಿ. ರೋಗವಿಲ್ಲ, ಜಡ್ಡಿಲ್ಲ, ಬ್ಯಾನಿಯೂ ಇಲ್ಲ. ಮೊದಲು ನೋಡಿದಾಗ ಗಟ್ಟಿಗಿತ್ತಿ ನಮ್ಮ ಚಿಗವ್ವ ಎಂದುಕೊಂಡಿದ್ದೆ. ಈಗ ಏನೆಂದುಕೊಳ್ಳಬೇಕೋ ತಿಳಿಯುತ್ತಿಲ್ಲ. ಆ ಕೆಮ್ಮನ್ನು ಯಾವ ಪದದ ಕೆಳಗೆ ಬರೆಯಲಿ? ಅವತ್ತು ಸರಿಯಾಗಿ ಹೇಳಿದ್ದರೆ ನೀನು ಉಳಿಯುತ್ತಿದ್ದೆಯಾ? ಡಾಕ್ಟರನ್ನು ಕೇಳಲು ಧೈರ್ಯ ಬರುತ್ತಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ನಿನ್ನೆ, ಕತ್ತರಿಸುವ ಮೊದಲಿನ ರೆಕಾರ್ಡಿಂಗುಗಳನ್ನು ತೆಗೆದು ಕೇಳಿದೆ. ಮಾಗಳದ ಹೊಳೆದಂಡೆಯಲ್ಲಿ ಮಾಡಿದ್ದೊಂದು ಸಿಕ್ಕಿತು, ಆಸ್ಪತ್ರೆಗೆ ಹೋಗುವುದಕ್ಕೆ ಎಷ್ಟೋ ತಿಂಗಳು ಮುಂಚಿನದು. ಸೆರಗಿನೊಳಗೆ ಅದುಮಿದ ನಿನ್ನ ಕೆಮ್ಮು, ಬಹಳ ಹೊತ್ತು. ಅದರ ಬೆನ್ನಿಗೇ, ಕೆಮ್ಮಿನ ಜೊತೆ ನಾನು ಕತ್ತರಿಸಿದ್ದ ನಿನ್ನ ಮಾತೊಂದು ಇದೆ: "ಇದನ್ನ ತಗದ್ಬಿಡವಾ, ನಿನ್ನ ಕೆಲಸ ಕೆಡತೈತಿ."

ಎಲ್ಲ ಕೆಮ್ಮನ್ನೂ ಇದ್ದಲ್ಲೇ ವಾಪಸು ಹಾಕುತ್ತಿದ್ದೇನೆ, ಚಿಗವ್ವ. ಕೆಲಸ ಕೆಟ್ಟರೆ ಕೆಡಲಿ. ಇಷ್ಟು ದಿನ ನಿನ್ನ ಮಾತು ಕೇಳಿದೆ, ಇದೊಂದನ್ನು ಕೇಳುವುದಿಲ್ಲ.

ನಿನ್ನ ಅಕ್ಕನ ಮಗಳು