ಕ್ರೂಸೇಡರ್ ಕಾರ್ಡಿನ ನಾಲ್ಕನೇ ಸಾಲು

ಜಾನ್ಸನ್‌ವಿಲ್, ವೆಲಿಂಗ್ಟನ್
೨೦ ಜುಲೈ ೨೦೨೫, ಭಾನುವಾರ

ಪ್ರೀತಿಯ ಜಯಂತ,

ನಿನ್ನ ಏಪ್ರಿಲ್ ಕಾಗದಕ್ಕೆ ಜುಲೈನಲ್ಲಿ ಉತ್ತರ ಬರೆಯುತ್ತಿದ್ದೇನೆ. ಅಂಚೆಯವರನ್ನು ದೂರಿ ಪ್ರಯೋಜನವಿಲ್ಲ, ತಡ ನನ್ನದೇ. ಫ್ಲ್ಯಾಟ್ ಬುಷ್‌ನ ಹೊಸ ಮನೆಗೆ ನೀನೂ ಶಾಂತಾನೂ ಇಷ್ಟು ಹೊತ್ತಿಗೆ ಹೊಂದಿಕೊಂಡಿರಬೇಕು. ಮಗಳು ಶ್ರೀರಕ್ಷಾಳ ಮದುವೆ ನವೆಂಬರಿಗೆ ಗೊತ್ತಾಗಿದೆ ಎಂದು ಓದಿ ವೇದಾ ಎರಡು ದಿನ ಅದೇ ಮಾತಾಡಿದಳು.

ಶಾಂತಾಗೆ ಅಣ್ಣತಮ್ಮಂದಿರಿಲ್ಲ, ಸೋದರಮಾವನ ಜಾಗದಲ್ಲಿ ನಾನೇ ನಿಂತು ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕು ಎಂದು ಬರೆದಿದ್ದೀಯ. ಅದರ ಕೆಳಗೆ, ಈ ಸಲವಾದರೂ ವೆಲಿಂಗ್ಟನ್ನಿನ ಗಾಳಿಗೆ ಹೇಳಿಟ್ಟಿರು, ವಿಮಾನ ನಿಲ್ಲಿಸಬೇಡ ಅಂತ, ಎಂದು ತಮಾಷೆ ಮಾಡಿದ್ದೀಯ. ನಾನು ತಡೆದು ಕೂತದ್ದು ಆ ಸಾಲಿಗೆ. ಎರಡು ವರ್ಷದ ಹಿಂದೆ ನೀನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ನಿನ್ನ ಮೇಲೆ ವಿಚಾರಣೆ ನಡೆದಾಗ, ಜೊತೆಗೆ ಒಬ್ಬರನ್ನು ಕೂರಿಸಿಕೊಳ್ಳಬಹುದು ಎಂಬ ಇಲ್ಲಿನ ನಿಯಮದಂತೆ ನೀನು ನನ್ನನ್ನು ಕರೆದೆ. ನಾನು ಬರಲಿಲ್ಲ. ಗಾಳಿಗೆ ವಿಮಾನ ನಿಂತಿದೆ ಎಂದು ಸಂದೇಶ ಕಳಿಸಿದ್ದೆ. ಸೋದರಮಾವನಾಗಲು ಒಪ್ಪುವ ಮೊದಲು ಆ ದಿನದ ಬಗ್ಗೆ ನಿನಗೆ ಒಂದು ವಿಷಯ ಬರೆಯಬೇಕು. ಮೂರು ಸಲ ಕೂತು ಬೇರೆ ಏನೇನೋ ಬರೆದು ಹರಿದಿದ್ದೇನೆ. ಇವತ್ತೂ ಬೇರೆಯದರಿಂದಲೇ ಶುರು ಮಾಡುತ್ತೇನೆ, ಸಹಿಸಿಕೋ.

ಇಲ್ಲಿ ಎಲ್ಲ ತಕ್ಕಮಟ್ಟಿಗೆ ಇದೆ. ವೇದಾಳ ವಾರ್ಡಿನಲ್ಲಿ ನರ್ಸುಗಳು ಸಾಲದು. ಮನೆಗೆ ಬಂದವಳು ಶೂ ಬಿಚ್ಚದೆ ಅರ್ಧ ಗಂಟೆ ಸುಮ್ಮನೆ ಕೂರುತ್ತಾಳೆ. ನನಗೂ ಬಸ್ ಡಿಪೋದ ಇಂಜಿನಿಯರ್ ಕೆಲಸ ಸಾಕಾಗಿದೆ. ಬೆಳಿಗ್ಗೆ ಎದ್ದಾಗಲೇ ದಣಿದಿರುತ್ತೇನೆ. ಪೂರ್ವಿ ಎರಡನೇ ವರ್ಷದ ಡಿಗ್ರಿಯಲ್ಲಿದ್ದಾಳೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ.

ನಮ್ಮ ಮಾಡೆಲ್ ಕ್ಲಬ್ ನಿನಗೆ ಗೊತ್ತಲ್ಲ, ಪುಟ್ಟ ಟ್ಯಾಂಕು, ವಿಮಾನ ಜೋಡಿಸಲು ಸ್ಟೇಷನ್ ಪಕ್ಕದ ಹಾಲ್‌ನಲ್ಲಿ ಶನಿವಾರ ಸೇರುವ ಒಂಬತ್ತು ಜನ. ಈ ಚಳಿಗಾಲದ ಪ್ರದರ್ಶನಕ್ಕೆ ಎರಡನೇ ಮಹಾಯುದ್ಧದ ಬ್ರಿಟಿಷ್ ಕ್ರೂಸರ್ ಟ್ಯಾಂಕುಗಳು ನನ್ನ ಪಾಲಿಗೆ ಬಂದವು. ಆರು ತಿಂಗಳು ಊಟದ ಮೇಜು ನನ್ನ ವಶದಲ್ಲಿತ್ತು. "ಮತ್ತೆ ಟ್ಯಾಂಕಿಗೆ ಬಣ್ಣನಾ? ಅಡುಗೆಮನೆ ಗೋಡೆ ಎರಡು ವರ್ಷದಿಂದ ಕಾಯ್ತಿದೆ ಕಣ್ರೀ, ಅದಕ್ಕೂ ಎರಡು ಚಕ್ರ ಹಾಕಿಸ್ಲಾ?" ಎಂದು ವೇದಾ ಕೇಳಿದಳು.

ಕ್ರೂಸರ್ ಎಂದರೆ ಹಿಂದೆ ಕುದುರೆ ದಳ ಮಾಡುತ್ತಿದ್ದ ಕೆಲಸ ಮಾಡುವ ಟ್ಯಾಂಕು. ಶತ್ರುವಿನ ಸಾಲು ಎಲ್ಲಿ ಮುರಿಯುತ್ತದೋ ಅಲ್ಲಿಂದ ವೇಗವಾಗಿ ಒಳನುಗ್ಗಬೇಕು. ಕಾಲಾಳುಗಳ ಜೊತೆ ನಿಧಾನವಾಗಿ ಸಾಗಲು ಬೇರೆ ಜಾತಿಯ ಟ್ಯಾಂಕು ಇತ್ತು. ಈ ಕ್ರೂಸರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವಾಗ ನನಗೆ ಆಯಾಸವಾಗುತ್ತಿತ್ತು. ಮೊದಲನೆಯದರಲ್ಲಿ ಚಾಲಕನ ಎರಡೂ ಪಕ್ಕ ಪುಟ್ಟ ಗೋಪುರ ಮಾಡಿ ಒಬ್ಬೊಬ್ಬ ಮನುಷ್ಯನನ್ನು ತುರುಕಿದ್ದರು. ಎರಡನೆಯದರ ಉಕ್ಕು ದಪ್ಪ ಮಾಡಿದರು, ವೇಗ ಹೋಯಿತು. ಆಮೇಲೆ ಅಮೆರಿಕದ ವಿನ್ಯಾಸದ ದೊಡ್ಡ ಚಕ್ರ ತಂದರು, ವೇಗ ಬಂತು, ಉಕ್ಕು ತೆಳುವಾಯಿತು. ಕವೆನಾಂಟರ್ ಎಂಬುದನ್ನು ತಗ್ಗಾಗಿಸಲು ಚಪ್ಪಟೆ ಎಂಜಿನ್ ಕೂರಿಸಿದರು. ಹಿಂದೆ ರೇಡಿಯೇಟರಿಗೆ ಜಾಗ ಉಳಿಯದೆ ಮುಂದೆ ಚಾಲಕನ ಪಕ್ಕಕ್ಕೆ ತಂದರು. ಬಿಸಿ ನೀರಿನ ಕೊಳವೆಗಳು ಜನ ಕೂರುವ ಜಾಗದಲ್ಲೇ ಹಾದುಹೋದವು. ಮುಂದಿನ ಮೂರು ಮಾದರಿಗಳೂ ಅದನ್ನು ತಣ್ಣಗೆ ಮಾಡಲು ಪಟ್ಟ ಪಾಡಷ್ಟೇ. ಸಾವಿರದ ಏಳುನೂರಕ್ಕೂ ಹೆಚ್ಚು ಕಟ್ಟಿ, ಬಹುಮಟ್ಟಿಗೆ ಇಂಗ್ಲೆಂಡಿನಲ್ಲೇ ತರಬೇತಿಗೆ ಓಡಿಸಿದರು. ಎಲ್ಲ ಒಂದು ಹದಕ್ಕೆ ಬಂದ ಕಾಮೆಟ್ ರಣರಂಗ ತಲುಪುವಾಗ ಯುದ್ಧ ಮುಗಿಯಲು ಕೆಲವು ತಿಂಗಳಷ್ಟೇ ಉಳಿದಿತ್ತು.

ನಡುವಿನದು ಕ್ರೂಸೇಡರ್. ನೋಡಲು ಎಲ್ಲಕ್ಕಿಂತ ಚೆಂದ, ಮರಳುಗಾಡಿನಲ್ಲಿ ಓಡಿದ್ದು. ಅದರ ಎಂಜಿನ್ನಿನ ಮೂಲ ಮೊದಲನೇ ಮಹಾಯುದ್ಧದ ವಿಮಾನದ್ದು. ನೀರಿನ ಪಂಪು ಸೋರುತ್ತಿತ್ತು, ಫ್ಯಾನಿನ ಚೈನು ಮರಳಿಗೆ ಸವೆಯುತ್ತಿತ್ತು. ಇದೆಲ್ಲ ನಿಜ.

ಕ್ಲಬ್ಬಿನಲ್ಲಿ ಒಂದು ಪದ್ಧತಿ ಇದೆ. ಪ್ರತಿ ಮಾಡೆಲ್ ಮುಂದೆ ಐದು ಸಾಲಿನ ಕಾರ್ಡು, ಕಾರ್ಡಿನ ಪಕ್ಕ ದಾರಕ್ಕೆ ಕಟ್ಟಿದ ಪೆನ್ಸಿಲು. ತಪ್ಪು ಕಂಡವರು ಯಾರಾದರೂ ಸರಿ, ಹೊಡೆದುಹಾಕಿ ತಮ್ಮ ಹೆಸರು ಬರೆಯಬೇಕು. ಕಾರ್ಡು ಬರೆದವನು ಸಂಜೆಯೊಳಗೆ ಒಪ್ಪಬೇಕು, ಇಲ್ಲವೇ ಎದುರು ಕೂತು ವಾದಿಸಬೇಕು. ಹನ್ನೊಂದು ವರ್ಷದಲ್ಲಿ ನನ್ನ ಕಾರ್ಡಿನ ಮೇಲೆ ಪೆನ್ಸಿಲು ಬಿದ್ದಿರಲಿಲ್ಲ. ನನಗೆ ಅದರ ಜಂಬವೂ ಇತ್ತು.

ಕ್ರೂಸೇಡರ್ ಕಾರ್ಡಿನಲ್ಲಿ ನಾಲ್ಕನೇ ಸಾಲು ಹೀಗೆ ಬರೆದಿದ್ದೆ: ೧೯೪೨ರ ಜುಲೈನಲ್ಲಿ ಮರಳುಗಾಡಿನ ರುವೈಸಾತ್ ದಿಣ್ಣೆಯ ಮೇಲಿದ್ದ ನ್ಯೂಜಿಲೆಂಡಿನ ಕಾಲಾಳುಗಳಿಗೆ ಟ್ಯಾಂಕುಗಳ ನೆರವು ಸಿಗಲಿಲ್ಲ, ನೀರಿನ ಪಂಪಿನಂಥ ಯಾಂತ್ರಿಕ ದೋಷಗಳು ಇದಕ್ಕೆ ಕಾರಣ. ಪೂರ್ವಿ ಅದನ್ನು ಇಂಗ್ಲಿಷಿಗೆ ಟೈಪ್ ಮಾಡುತ್ತ, "ಅಪ್ಪಾ, ಯೂ ಆಲ್ವೇಸ್ ಬ್ಲೇಮ್ ದ ಪಂಪ್," ಅಂದಳು. ಹೀಟರು ಕೆಟ್ಟರೂ ವಾಷಿಂಗ್ ಮಷೀನು ಕೆಟ್ಟರೂ ನಾನು ಹೇಳುವುದು ಅದೇ ಅಂತೆ. ನಾನು ನಕ್ಕೆ. ಇಂಜಿನಿಯರಿಗೆ ಪಂಪಿನ ತಪ್ಪು ಒಂದು ಸಮಾಧಾನ. ಬಿಚ್ಚಿ ತೋರಿಸಬಹುದು.

ನಿನ್ನೆ ಪ್ರದರ್ಶನ. ನಮ್ಮ ಕ್ಲಬ್ಬಿನ ನೋಲೀನ್ ಬಂದಳು. ವಯಸ್ಸು ಎಪ್ಪತ್ತೊಂಬತ್ತು. ನಮ್ಮೆಲ್ಲರ ಪುಟ್ಟ ಸೈನಿಕರಿಗೆ ಮುಖ ಬರೆಯುವವಳು ಅವಳೇ, ಕಣ್ಣಿನ ರೆಪ್ಪೆಯನ್ನೂ ಬಿಡುವುದಿಲ್ಲ. ಕಾರ್ಡನ್ನು ಎರಡು ಸಲ ಓದಿದಳು. ಪೆನ್ಸಿಲು ತೆಗೆದುಕೊಂಡು ನಾಲ್ಕನೇ ಸಾಲಿನ ಉತ್ತರಾರ್ಧವನ್ನು ಹೊಡೆದುಹಾಕಿದಳು. ಸ್ಕೇಲು ಇಟ್ಟಷ್ಟು ನೇರ ಗೆರೆ. ಪಕ್ಕದಲ್ಲಿ ತನ್ನ ಹೆಸರು ಬರೆದಳು.

ಸಂಜೆ ನಾವಿಬ್ಬರೇ ಎದುರುಬದುರು ಕೂತೆವು. ನಾನು ಪುಸ್ತಕ ತೆರೆದು ಪಂಪಿನ ಚಿತ್ರ ತೋರಿಸಿದೆ. ಅವಳು ಚಹಾ ಕುಡಿಯುತ್ತ ಕೇಳಿದಳು. ತನ್ನ ಅಪ್ಪ ಆ ದಿಣ್ಣೆಯ ಮೇಲಿದ್ದವರು, ಸಂಜೆ ಸೆರೆಯಾಗಿ ಇಟಲಿಗೆ ಹೋದವರು ಎಂದು ಆಮೇಲೆ ಹೇಳಿದಳು.

"ಟಿಪ್," ಅಂದಳು, ಅಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹಾಗೆ. "ಪಂಪ್ ಕೆಟ್ಟಿದ್ರೆ ಡ್ಯಾಡ್ ಟ್ಯಾಂಕಿನವರನ್ನ ಕ್ಷಮಿಸ್ತಿದ್ರು. ಡ್ಯಾಡ್ ಡೈರಿ ಫಾರ್ಮಿನವರು, ಪಂಪ್ ಏನು ಅಂತ ಗೊತ್ತಿತ್ತು. ಎಂಜಿನ್ ಓಡೋದು ಹಿಂದಿನಿಂದ ಅವರಿಗೆ ಕೇಳಿಸ್ತಿತ್ತಂತೆ. ಬರಬೋದಿತ್ತು. ಬರ್ಲಿಲ್ಲ."

ಯಾಕೆ ಬರಲಿಲ್ಲ ಎಂದು ಕೇಳಿದೆ. ಆದೇಶ ಸ್ಪಷ್ಟವಿರಲಿಲ್ಲ, ಒಬ್ಬರು ಇನ್ನೊಬ್ಬರ ಮಾತಿಗೆ ಕಾದರು, ಟ್ಯಾಂಕಿನವರಿಗೂ ಕಾಲಾಳುಗಳಿಗೂ ಪರಸ್ಪರ ನಂಬಿಕೆ ಇರಲಿಲ್ಲ, ಇದೆಲ್ಲ ಪುಸ್ತಕದಲ್ಲೇ ಇದೆ, ನೀನೂ ಓದಿದ್ದೀಯ ಅಂದಳು. ಓದಿದ್ದೆ, ಜಯಂತ. ಗುರುತು ಕಡ್ಡಿಯನ್ನೂ ಅದೇ ಪುಟದಲ್ಲಿ ಇಟ್ಟಿದ್ದೆ. ಆದರೂ ಕಾರ್ಡು ಬರೆಯುವಾಗ ಕೈ ಪಂಪಿನ ಕಡೆಗೇ ಹೋಗಿತ್ತು.

"ಡ್ಯಾಡ್ ಸಾಯೋ ತನಕ ಟ್ಯಾಂಕಿನವರು ಬಂದು ಹೇಳ್ಲಿ ಅಂತಿದ್ರು, 'ನಾವು ಅಲ್ಲೇ ಇದ್ವಿ' ಅಂತ. ಅಷ್ಟೇ ಬೇಕಿತ್ತು," ಅಂದಳು. ಅಳಲಿಲ್ಲ, ಕೋಪವೂ ಇರಲಿಲ್ಲ. ಕಪ್ಪು ತೊಳೆದಿಟ್ಟು ಬಸ್ಸಿಗೆ ಹೋದಳು.

ನಾನು ಒಪ್ಪಿ ಸಹಿ ಹಾಕಿದೆ. ಮನೆಗೆ ಬಂದು ಊಟ ಸೇರದೆ ಕೂತಾಗ ವೇದಾ, ಕೆಟ್ಟಿಲ್ಲ ಅಂದರೆ ಕೆಟ್ಟಿಲ್ಲ ಅಂತ ಬರೆದರಾಯಿತು, ಅದಕ್ಕೆ ಅನ್ನದ ಮೇಲೆ ಯಾಕೆ ಸಿಟ್ಟು ಅಂದಳು. ಇವತ್ತು ಅವಳೂ ಪೂರ್ವಿಯೂ ಪೇಟೆಗೆ ಹೋದ ಮೇಲೆ ಈ ಕಾಗದ ಹಿಡಿದೆ.

ಮದುವೆ ಗಂಡಿನ ಬಗ್ಗೆ ನೀನು ಬರೆದದ್ದೆಲ್ಲ ಹಿಡಿಸಿತು. ಅವರಿಬ್ಬರೂ ಒಬ್ಬರ ಮಾತನ್ನೊಬ್ಬರು ಪೂರ್ತಿ ಕೇಳುವವರಾಗಲಿ. ಶ್ರೀರಕ್ಷಾಗೆ ನಮ್ಮಿಬ್ಬರ ತುಂಬು ಆಶೀರ್ವಾದ, ಶಾಂತಾಗೆ ನೆನಪುಗಳು. ನಿನ್ನ ಮಂಡಿ ನೋವು ಕಡಿಮೆಯಾಗಲಿ.

ನಿನ್ನ,
ತಿಪ್ಪೇಸ್ವಾಮಿ

ಮತ್ತೆ: ಮೇಲೆ ಬರೆಯಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ. ಆ ದಿನ ಗಾಳಿ ಇತ್ತು, ಆದರೆ ವಿಮಾನ ಹಾರಿತು. ನಾನು ಚೀಟಿ ಹಿಡಿದು ಗೇಟಿನ ಎದುರು ಕೂತಿದ್ದೆ. ನನ್ನ ಹೆಸರನ್ನು ಎರಡು ಸಲ ಕರೆದರು. ಏಳಲಿಲ್ಲ. ನೀನು ಕಳಿಸಿದ ಕಾಗದಗಳನ್ನು ಹಿಂದಿನ ವಾರ ಮೂರು ಸಲ ಓದಿದ್ದೆ. ರೋಗಿಗೆ ನೀನು ಮದ್ದು ಕೊಟ್ಟೆನೆಂದ ಸಮಯಕ್ಕೂ ದಾಖಲೆಗೂ ಇಪ್ಪತ್ತು ನಿಮಿಷದ ವ್ಯತ್ಯಾಸ ಕಂಡಿತ್ತು. ತಪ್ಪು ನಿನ್ನದೇ ಎಂದುಕೊಂಡೆ. ಈ ದೇಶಕ್ಕೆ ಬಂದ ಹೊಸದರಲ್ಲಿ ಹಿಲ್ಸ್‌ಬರೋದ ಒಂದೇ ಕೋಣೆಯಲ್ಲಿ ಮೂರು ವರ್ಷ ನಿನ್ನ ಜೊತೆ ಇದ್ದವನು ನಾನು, ನಿನ್ನನ್ನು ಒಂದು ಮಾತು ಕೇಳಲೂ ಇಲ್ಲ. ಎಂಟು ತಿಂಗಳ ಮೇಲೆ, ವ್ಯತ್ಯಾಸ ವಾರ್ಡಿನ ಗಡಿಯಾರದ್ದು ಎಂದು ತೀರ್ಮಾನವಾದಾಗ ಫೋನಿನಲ್ಲಿ ಎಲ್ಲರಿಗಿಂತ ಜೋರಾಗಿ ಅಭಿನಂದಿಸಿದವನೂ ನಾನೇ. ಇದು ವೇದಾಗೂ ಗೊತ್ತಿಲ್ಲ.

ಕರೆಯೋಲೆ ಇನ್ನೂ ಅಚ್ಚಿಗೆ ಹೋಗಿಲ್ಲ ಎಂದಿದ್ದೀಯ. ನನ್ನ ಹೆಸರು ಇರಬೇಕೋ ಬೇಡವೋ ನೀನು ನೋಡು.

ಆ ದಿನ ವಿಚಾರಣೆ ಮುಗಿಸಿ ಹೊರಗೆ ಬಂದು ನೀನೇ ನನಗೆ ಫೋನ್ ಮಾಡಿದೆ. ಒಬ್ಬನೇ ಒಳಗೆ ಎರಡು ಗಂಟೆ ಕೂತು ಬಂದ ನೀನು, "ಏರ್‌ಪೋರ್ಟಲ್ಲಿ ಬೆಳಿಗ್ಗೆಯಿಂದ ಕೂತು ಸುಸ್ತಾಗಿರ್ತೀಯ ಕಣೋ, ಮನೆಗೆ ಹೋಗು, ಗಾಳಿಗೆ ನೀನೇನ್ ಮಾಡ್ತೀಯ," ಅಂದೆ. ನಾನು ಹೌದು ಅಂದೆ.