ನೀಲಿ ಅಂಗಿಯ ಮೇಲೆ ಕೂತ ಚಿಟ್ಟೆ

ಸೆರ್ರೊ ಹೊಂದೋ, ಮಿಚೊವಾಕಾನ್
ನವೆಂಬರ್ ೪

ದಿವಂಗತ ಅಣ್ಣ ಎವಾರಿಸ್ತೋ ಅವರ ಸನ್ನಿಧಿಗೆ,

ತಂಗಿ ಒತಿಲಿಯಾಳ ನಮಸ್ಕಾರ. ತಾವು ತೀರಿಕೊಂಡು ಎರಡು ದಿನವಾದರೂ ತಮಗೆ ತಿಳಿಸಲು ತಡವಾಯಿತು, ಕ್ಷಮಿಸಬೇಕು. ಅಮ್ಮ ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದಾಳೆ. ಸತ್ತವರ ಪೀಠದ ಮೇಲೆ ಅಜ್ಜನ ಪಕ್ಕದಲ್ಲೇ ನಿನ್ನ ಫೋಟೊ, ಚೆಂಡುಹೂವು, ಕೋಳಿ ತುಂಬಿದ ತಮಾಲೆ ಕಡುಬು. ಒಂದು ತಮಾಲೆ ನಾನು ಕದ್ದೆ. ನೀನು ತಲೆಗೆ ಮೊಟಕಲಿಲ್ಲ.

ಈ ಸಲ ಚಿಟ್ಟೆಗಳು ತಡ. ಸತ್ತವರ ಹಬ್ಬ ಬಂದರೂ ಗುಡ್ಡದ ಮರಗಳಲ್ಲಿ ಒಂದೂ ಇಲ್ಲ. "ಅವು ಬರ್ದಿದ್ರೆ ಸತ್ತ ನಮ್ಮೋರು ಏನಾಗಿ ಮನೆಗೆ ಬರ್ತಾರೆ?" ಎಂದು ಅಮ್ಮ ಮುಖ ಸಣ್ಣ ಮಾಡಿದಳು. ಪಕ್ಕದ ಮನೆಯ ಚೋಲೆ ಅತ್ತೆ ಬಿಡುತ್ತಾಳೆಯೇ? "ಗಡಿಯಾಚೆ ಉತ್ತರದ ಹೊಲದಲ್ಲಿ ಕೂಲಿಗೆ ಹಾಲುಗಿಡ ಕೀಳ್ತಿರೋನು ನಿನ್ ಮಗಾನೇ ಅಲ್ವೇನೆ? ಚಿಟ್ಟೆ ಮರಿಗಳ ಊಟ ಕಿತ್ಕೊಂಡ್ರೆ ನೆಂಟ್ರು ಎಲ್ಲಿಂದ ಬಂದಾರು?"

"ಬೇಲಿ ಸಾಲಿಂದು ಕೀಳ್ದೆ ಬಿಟ್ಟಿದೀನಿ ಅಂತ ಬರ್ದಿದ್ದ ಕಣೇ," ಎಂದಳು ಅಮ್ಮ. ನಿನ್ನ ಕೊನೆಯ ಕಾಗದ ಅದೇ. ಹೋದ ವರ್ಷದ ಆಗಸ್ಟಿನದು.

ಹಬ್ಬದ ಬೆಳಿಗ್ಗೆ ಬಾವಿಯ ಬಳಿ ದಣಿದ ಚಿಟ್ಟೆಯೊಂದು ಸಿಕ್ಕಿತು. ಅಜ್ಜನನ್ನು ಕರೆತಂದು ಅಮ್ಮನನ್ನು ನಗಿಸೋಣವೆಂದು ಸಕ್ಕರೆ ನೀರು ಕಲಸಿದೆ. ಅಮ್ಮ ಹೊರಗೆ ಬಂದಾಗ ಚಿಟ್ಟೆ ಹಗ್ಗದ ಮೇಲಿದ್ದ ನಿನ್ನ ನೀಲಿ ಅಂಗಿಯ ಹೆಗಲ ಮೇಲೆ ಕೂತಿತ್ತು. ನೀನು ಬರುವಾಗ ಮಡಿಯಾಗಿರಲೆಂದು ತಿಂಗಳಿಗೊಮ್ಮೆ ಒಗೆಯುತ್ತಾಳಲ್ಲ, ಅದೇ ಅಂಗಿ. ಅವಳು ಕಿರುಚಲಿಲ್ಲ. "ಬಂದ್ಯಾ, ಮಗನೇ?" ಎಂದಳು. ಅಂಗಿಯನ್ನು ಮಡಚಿ ಪೀಠದ ಮೇಲಿಟ್ಟಳು.

ಸಕ್ಕರೆಯ ಆಟವನ್ನು ಚೋಲೆ ಅತ್ತೆಗೆ ಹೇಳಿದೆ. "ಅಯ್ಯೋ ಮುಂಡೇದೇ, ಓಡು, ಅವಳಿಗ್ ಹೇಳು!" ಓಡಿದೆ. ಅಮ್ಮ ಗಾಢವಾಗಿ ಮಲಗಿದ್ದಳು; ಎಬ್ಬಿಸಿ ಹೇಳದೆ ಬಂದೆ. ಹದಿನೈದು ತಿಂಗಳು ದಿನಾ ಟಪಾಲಿನ ಬಸ್ಸಿಗೆ ಇದಿರು ಹೋಗುತ್ತಿದ್ದವಳು ಅವತ್ತು ಹೋಗಲಿಲ್ಲ. ನಿನ್ನೆಯೂ ಇಲ್ಲ. ಇವತ್ತು ಬಸ್ಸಿಗೆ ನಾನು ಹೋಗಿದ್ದೆ.

ಆದ್ದರಿಂದ ತಾವು ದಯಮಾಡಿ ಒಂದು ಸಾಲು ಬರೆದು ಬದುಕಿಕೊಳ್ಳಬೇಕು. ಸತ್ತವರಿಗೆ ಆಯುಷ್ಯ ಹಾರೈಸಬಾರದಂತೆ. ನಾನು ಹಾರೈಸಿದ್ದೇನೆ. ನೂರು ವರ್ಷ ಬಾಳು.

ತಮಾಲೆ ಕಳ್ಳಿ,
ಒತಿಲಿಯಾ

ತಾ.ಕ.: ಚೋಲೆ ಅತ್ತೆಗೆ ಪೂರ್ತಿ ಹೇಳಲಿಲ್ಲ. ಸಕ್ಕರೆ ನೀರು ಸವರಿದ್ದು ಅಜ್ಜನ ಟೋಪಿಗೆ. ಚಿಟ್ಟೆಯನ್ನು ಕೂರಿಸಿದ್ದೂ ಅದರ ಮೇಲೆಯೇ. ನಿನ್ನ ಅಂಗಿಯನ್ನು ನಾನು ಮುಟ್ಟಲೇ ಇಲ್ಲ, ಅಣ್ಣಾ. ಚಿಟ್ಟೆ ತಾನಾಗಿಯೇ ಎದ್ದು ಅಲ್ಲಿಗೆ ಹೋಯಿತು.