ಸರ್ಕಾರಕ್ಕೆ ವಯಸ್ಸಾಗುವುದಿಲ್ಲ

ಭಾಂಡುಪ್, ಮುಂಬಯಿ
ಫೆಬ್ರವರಿ ೧೨, ಗುರುವಾರ

ಯಕ್ಷಿತಾಳ ಪಪ್ಪನಿಗೆ ನೀಲಾವತಿಯ ನಮಸ್ಕಾರಗಳು.

ಹೇಗಿದ್ದೀರಿ? ನಾಸಿಕದಲ್ಲಿ ಬೆಳಿಗ್ಗೆ ಇನ್ನೂ ಚಳಿ ಬಿಟ್ಟಿಲ್ಲವೆಂದು ಟೆಂಪೋ ಓಡಿಸುವ ಸುಹಾಸ ಹೇಳಿದ. ನಿಮ್ಮ ಸಕ್ಕರೆಯ ಮಾತ್ರೆ ಮುಗಿದಿರಬೇಕು, ಈ ಕಾಗದದ ಜೊತೆಗೇ ಕಟ್ಟಿ ಕಳಿಸಿದ್ದೇನೆ. ಊಟದ ಮೊದಲು ತೆಗೆದುಕೊಳ್ಳುವುದು, ಮರೆತು ಆಮೇಲೆ ನುಂಗುವುದಲ್ಲ. ಹೋಟೆಲಿನ ಅಡುಗೆಮನೆ ನೋಡಿಕೊಳ್ಳುವವರು ಊರಿಗೆಲ್ಲ ಬಡಿಸಿ, ಕೊನೆಗೆ ತಾವು ಒಂದು ಚಹಾ ಕುಡಿದು ಮಲಗುತ್ತಾರೆಂದು ನನಗೆ ಗೊತ್ತಿಲ್ಲದ್ದಲ್ಲ. ಹುರುಳಿಯ ಚಟ್ನಿಪುಡಿಯನ್ನೂ ಇಟ್ಟಿದ್ದೇನೆ, ಗಂಜಿಗೆ ಆಗುತ್ತದೆ. ನಾನು ಚೆನ್ನಾಗಿದ್ದೇನೆ. ಯಕ್ಷಿತಾಳಿಗೆ ಶನಿವಾರ ಪರೀಕ್ಷೆ, ಓದುತ್ತಿದ್ದಾಳೆ. ಪಕ್ಕದ ರೂಮಿನ ಅಕ್ಕು ದಿನಕ್ಕೊಮ್ಮೆ ನಿಮ್ಮನ್ನು ಕೇಳುತ್ತಾರೆ. ನಾಸಿಕದಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ ಎಂದಷ್ಟೇ ಹೇಳಿದ್ದೇನೆ. ಅವರು ನಂಬಿದ್ದಾರೋ ಇಲ್ಲವೋ, ಕೇಳುವುದನ್ನಂತೂ ಬಿಟ್ಟಿಲ್ಲ.

ಕಳೆದ ವಾರ ಸುಹಾಸ ದ್ರಾಕ್ಷಿಯ ಟೆಂಪೋ ತೆಗೆದುಕೊಂಡು ವಾಶಿ ಮಾರ್ಕೆಟ್ಟಿಗೆ ಬಂದವನು ನಿಮ್ಮ ಕಾಗದವನ್ನೂ ಆ ಲೋನಿನ ಪೇಪರುಗಳನ್ನೂ ಕೊಟ್ಟ. ವಸೂಲಿಯವರ ಕಾಟಕ್ಕೆ ನೀವು ಫೋನು ಬಂದ್ ಮಾಡಿಟ್ಟದ್ದರಿಂದ ನಾವು ಹೀಗೆ ಕಾಗದ ಬರೆದುಕೊಳ್ಳುವ ಕಾಲ ಬಂತು. ಮದುವೆ ಗೊತ್ತಾದ ಮೇಲೆ ನೀವು ಮಾಟುಂಗದ ಹೋಟೆಲಿನಿಂದ ಊರಿಗೆ ಬರೆಯುತ್ತಿದ್ದಿರಲ್ಲ, ಅಕ್ಷರ ಈಗಲೂ ಹಾಗೇ ಇದೆ, ಸ್ವಲ್ಪ ಬಲಕ್ಕೆ ವಾಲಿದ್ದು. ಅಕ್ಷರ ನೋಡಿ ಸಂತೋಷವಾಯಿತು. ಓದಿದ ಮೇಲೆ ಆಗಲಿಲ್ಲ. ನಾನು ಸಹಿ ಹಾಕಬೇಕಾದ ಕಡೆಯಲ್ಲೆಲ್ಲ ನೀವು ಪೆನ್ಸಿಲಿನಿಂದ ಗುರುತು ಮಾಡಿದ್ದೀರಿ. ಈ ರೂಮನ್ನು ಆ ಖಾಸಗಿ ಫೈನಾನ್ಸಿನವನಿಗೆ ಅಡವು ಇಟ್ಟು, ಬಂದ ಹಣದಲ್ಲಿ ಉಳಿದವರನ್ನೆಲ್ಲ ಒಮ್ಮೆಲೇ ತೀರಿಸಿಬಿಡೋಣ ಎಂದಿದ್ದೀರಿ. ‘ಸರ್ಕಾರವೇ ಹಳೆಯ ಸಾಲ ತೀರಿಸಲು ಹೊಸ ಸಾಲ ತೆಗೆಯುತ್ತದೆ, ದೇಶ ಮುಳುಗಿದೆಯಾ? ನಾವು ಯಾವ ಲೆಕ್ಕ!’ ಎಂದೂ ಬರೆದಿದ್ದೀರಿ. ಬಜೆಟ್ ದಿನ ಗಲ್ಲಾದ ಮೇಲಿನ ಟಿವಿಯ ಶಬ್ದ ಜೋರು ಮಾಡಿ, ಗಿರಾಕಿಗಳಿಗೆ ಅರ್ಥ ಹೇಳುತ್ತ ಕೂರುವವರು ನೀವು. ನಿಮ್ಮ ಮಾತಿಗೆ ನಾನು ಎದುರು ಹೇಳಿದವಳಲ್ಲ. ಆದರೆ ಈ ಸಲ ನಾನು ಸಹಿ ಹಾಕಿಲ್ಲ. ಹಾಕುವುದೂ ಇಲ್ಲ. ಸಿಟ್ಟು ಮಾಡಿ ಕಾಗದವನ್ನು ಮಡಚಿಡಬೇಡಿ, ಪೂರ್ತಿ ಓದಿ.

ನೀವು ಹೋದ ಮೇಲೆ ಏನಾಯಿತೆಂದು ಸುಹಾಸನ ಹತ್ತಿರ ಹೇಳಿ ಕಳಿಸಿರಲಿಲ್ಲ. ಈಗ ಬರೆಯುತ್ತೇನೆ. ಮೊದಲು ಫೋನುಗಳು ಬಂದವು, ನಂತರ ಇಬ್ಬರು ಮನೆಗೇ ಬಂದರು. ಬಾಗಿಲಲ್ಲಿ ನಿಂತು, ಇಡೀ ಚಾಳಿನ ಮನೆಗಳಿಗೆಲ್ಲ ಕೇಳುವ ಹಾಗೆ ನಿಮ್ಮ ಹೆಸರು ಕೂಗಿದರು. ಅದನ್ನಾದರೂ ಸಹಿಸಬಹುದಿತ್ತು. ರೈಲು ತಡವಾದರೆ ವಿಚಾರಿಸಲು ಬೇಕೆಂದು ನೀವು ಯಕ್ಷಿತಾಳ ಗೆಳತಿಯರ ನಂಬರುಗಳನ್ನೆಲ್ಲ ನಿಮ್ಮ ಫೋನಿನಲ್ಲಿ ಇಟ್ಟುಕೊಂಡಿದ್ದಿರಿ. ಮೊಬೈಲಿನಲ್ಲಿ ಸಾಲ ಕೊಟ್ಟ ಆ ಆ್ಯಪಿನವರು ಅವನ್ನೆಲ್ಲ ಎಳೆದುಕೊಂಡಿದ್ದರಂತೆ. ನಿಮ್ಮ ಫೋಟೋ ಹಾಕಿ ‘ಧನರಾಜ್ ಚೋರ್ ಹೈ’ ಎಂದು ಆ ಗೆಳತಿಯರಿಗೆಲ್ಲ ಕಳಿಸಿದರು. ಯಕ್ಷಿತಾ ಕಾಲೇಜಿನಿಂದ ಮಧ್ಯಾಹ್ನವೇ ವಾಪಸು ಬಂದು, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದಳು: ‘ಮಮ್ಮೀ, ಪಪ್ಪ ಚೋರ್ ನಹೀ ಹೈ ನಾ?’ ಅಲ್ಲ ಮಗಾ ಎಂದೆ. ‘ತೋ ಭಾಗೇ ಕ್ಯೂಂ?’ ಎಂದಳು. ಓಡಿಹೋದದ್ದೇಕೆ ಎಂದು ಅವಳು ಕೇಳಿದ್ದಕ್ಕೆ ನಾನು, ಚಪ್ಪಲಿ ಬಿಟ್ಟು ಒಳಗೆ ಬಾ ಎಂದೆ. ಆ ವಾರ ಅವಳು ಕಾಲೇಜಿಗೆ ಹೋಗಲಿಲ್ಲ. ನನಗೆ ಸಿಟ್ಟು ಬರಲಿಲ್ಲ ಎಂದು ತಿಳಿಯಬೇಡಿ. ಬಂತು, ಅವರ ಮೇಲೆ ಬಂದದ್ದಕ್ಕಿಂತ ನಿಮ್ಮ ಮೇಲೆ ಹೆಚ್ಚು ಬಂತು. ಸಾಲ ಮಾಡಿದ್ದಕ್ಕಲ್ಲ. ಎಷ್ಟು ಸಾಲ, ಯಾರ ಹತ್ತಿರ ಎಂದು ನಾವು ಬಾಗಿಲಿಗೆ ಬಂದವರ ಬಾಯಿಂದ ತಿಳಿಯಬೇಕಾಯಿತಲ್ಲ, ಅದಕ್ಕೆ.

ಕಳೆದ ಭಾನುವಾರ ಮಾಟುಂಗಕ್ಕೆ ಇಡ್ಲಿಹಿಟ್ಟು ಕೊಡಲು ಹೋಗಿದ್ದೆ. ಗುರುಬಾಯಿ ಗೊತ್ತಲ್ಲ, ವಾರವಾರ ಹಿಟ್ಟು ತೆಗೆದುಕೊಳ್ಳುವ ವಿಜಾಪುರದ ಹೆಂಗಸು. ಅವರ ಯಜಮಾನರು ಸಿದ್ದಲಿಂಗಪ್ಪನವರು ಇಲ್ಲಿನ ಸರ್ಕಾರದ ಕಚೇರಿ ಮಂತ್ರಾಲಯದಲ್ಲಿ ಹಣಕಾಸು ಖಾತೆಯಲ್ಲಿದ್ದು ನಿವೃತ್ತರಾದವರು. ಆ ದಿನ ಕನ್ನಡ ಸಂಘದಲ್ಲಿ ಬಜೆಟ್ ಬಗ್ಗೆ ಅವರ ಭಾಷಣ ಇತ್ತು. ಗುರುಬಾಯಿ ‘ಬರ್ರೀ, ಚಹಾನರ ಕುಡದು ಹೋಗ್ರಿ’ ಎಂದು ಕೈಹಿಡಿದು ಕರೆದುಕೊಂಡು ಹೋದರು. ಹಿಂದಿನ ಸಾಲಿನಲ್ಲಿ ಖಾಲಿ ಡಬ್ಬಗಳ ಚೀಲ ಇಟ್ಟುಕೊಂಡು ಕುಳಿತೆ. ದೇಶಕ್ಕೆ ಬರುವ ಒಂದು ರೂಪಾಯಿಯಲ್ಲಿ ಸುಮಾರು ಕಾಲುಭಾಗ ಸಾಲದ ಹಣವಂತೆ, ಖರ್ಚಾಗುವ ರೂಪಾಯಿಯಲ್ಲಿ ಸುಮಾರು ಇಪ್ಪತ್ತು ಪೈಸೆ ಬಡ್ಡಿಗೇ ಹೋಗುತ್ತದಂತೆ. ಕೇಳುತ್ತ ಕೇಳುತ್ತ ನಿಮ್ಮದೇ ಮಾತು ಕಿವಿಯಲ್ಲಿ ಕೇಳಿದ ಹಾಗಾಯಿತು. ಚಹಾದ ಹೊತ್ತಿಗೆ ಧೈರ್ಯ ಮಾಡಿ, ನಮ್ಮವರು ಹೀಗೆ ಹೇಳುತ್ತಾರೆ, ಅದು ಸರಿಯಾ ಎಂದು ಕೇಳಿಬಿಟ್ಟೆ. ಹೆಸರು, ಊರು ಏನೂ ಮುಚ್ಚಿಡಲಿಲ್ಲ. ಮುಚ್ಚಿಡಲು ಇನ್ನೇನು ಉಳಿದಿತ್ತು?

ಅವರು ನಗಲಿಲ್ಲ. ಕುರ್ಚಿ ಎಳೆದು ಕೂಡ್ರಿಸಿ ಹೇಳಿದರು: ‘ತಂಗೀ, ನಿಮ್ಮ ಯಜಮಾನ್ರು ಹೇಳಿದ್ದು ಅರ್ಧಾ ಖರೆ ಅದ. ಸರಕಾರ ಹಳೇ ಸಾಲಾ ಮುಟ್ಟಸಾಕ ಹೊಸಾ ಸಾಲಾ ತಗೋತದ. ಆದ್ರ ಸರಕಾರಕ್ಕ ವಯಸ್ಸಾಗೂದಿಲ್ಲ ನೋಡ್ರಿ. ನಾಳೆ ಹುಟ್ಟೋ ಕೂಸೂ ಅದಕ್ಕ ತೆರಿಗಿ ಕೊಡ್ತದ. ನಿಮ್ಮ ಯಜಮಾನ್ರಿಗೆ ಯಾರು ಕೊಡ್ತಾರ?’ ಅವರೇ ಮುಂದುವರಿಸಿದರು. ರಸ್ತೆ ಕಟ್ಟಲು ಮಾಡಿದ ಸಾಲ ಬೇರೆ, ಬಡ್ಡಿ ಕಟ್ಟಲು ಮಾಡಿದ ಸಾಲ ಬೇರೆ, ರಸ್ತೆ ನಾಳೆ ದುಡಿದು ಕೊಡುತ್ತದೆ, ಬಡ್ಡಿ ಏನೂ ಕೊಡುವುದಿಲ್ಲ ಎಂದರು. ಮತ್ತೆ, ‘ಹಂಗಂತ ಸರಕಾರ ನೋಡಿ ಕಲಿಯೂದು ಏನೂ ಇಲ್ಲಂತಲ್ಲ. ವರ್ಷಕ್ಕೊಮ್ಮೆ ಎಲ್ಲಾರ ಮುಂದ ನಿಂತು, ನಮ್ಮ ಸಾಲ ಇಷ್ಟು ಅದ ಅಂತ ಓದಬೇಕಾಗ್ತದ. ಎದುರಿನವ್ರು ಬೈತಾರ, ನಗತಾರ. ಆದ್ರೂ ಓದಬೇಕು. ನಿಮ್ಮ ಮನ್ಯಾಗ ಯಾರರ ಓದ್ಯಾರೇನು?’ ಎಂದರು. ಲೋಕಲ್ ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆ ಬಿಡಲಿಲ್ಲ. ನಮ್ಮ ಹಿಂದಿನ ಸ್ಟೇಷನ್ ಕಾಂಜೂರ್ ಬಂದದ್ದೂ ಗೊತ್ತಾಗಲಿಲ್ಲ.

ಮನೆಗೆ ಬಂದವಳೇ ಯಕ್ಷಿತಾಳನ್ನು ಕರೆದು ಕೂಡ್ರಿಸಿದೆ. ನಿಮ್ಮ ಕಪಾಟಿನಲ್ಲಿದ್ದ ರಸೀದಿಗಳು, ಬ್ಯಾಂಕಿನ ನೋಟೀಸುಗಳು, ವಸೂಲಿಯವರು ಎಸೆದು ಹೋದ ಚೀಟಿಗಳು, ಎಲ್ಲವನ್ನೂ ಚಾಪೆಯ ಮೇಲೆ ಹರಡಿದೆವು. ಅವಳು ಕಾಮರ್ಸ್ ಕಲಿಯುತ್ತಿರುವುದು ಮೊದಲ ಸಲ ನಮಗೇ ಉಪಯೋಗಕ್ಕೆ ಬಂತು. ಪೇಪರಿನಲ್ಲಿ ಬಜೆಟ್ ದಿನ ಬರುವ ಹಾಗೆಯೇ ಒಂದು ರೂಪಾಯಿಯ ಚಿತ್ರ ಬರೆದು, ನಮ್ಮ ಮನೆಗೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಭಾಗ ಮಾಡಿದಳು. ಬಡ್ಡಿಯ ಭಾಗ ಅರವತ್ತು ಪೈಸೆ ದಾಟಿತು. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ‘ಮಮ್ಮೀ, ಬಾಕೀ ಮೇ ನಾವು ತಿನ್ನೋದು ಏನು?’ ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಕೇಳಿದಳು. ಆಮೇಲೆ ನನಗಿಂತ ಮೊದಲು ಅವಳೇ ಅತ್ತಳು. ಆದರೆ ಒಂದು ಮಾತು ನಿಮಗೆ ಹೇಳಲೇಬೇಕು. ಮೊದಲಿನ ಸಾಲವನ್ನು ಅವಳು ಬೇರೆ ಬಣ್ಣದಲ್ಲಿ ಬರೆದಿದ್ದಾಳೆ. ಪರೇಲಿನ ಆ ಆಫೀಸಿನ ಕ್ಯಾಂಟೀನ್ ಹಿಡಿದಾಗ ಇಡ್ಲಿ ಸ್ಟೀಮರಿಗೆ, ಫ್ರಿಜ್ಜಿಗೆ ಬ್ಯಾಂಕಿನಿಂದ ತೆಗೆದದ್ದು. ರಸ್ತೆಯ ಮಾತು ನನ್ನಿಂದ ಕೇಳಿದ್ದವಳು, ‘ಇದು ಪಪ್ಪನ ರಸ್ತೆ’ ಎಂದಳು. ಅದು ತಪ್ಪಲ್ಲ. ಆಫೀಸಿನವರು ಪವಾಯಿಗೆ ಹೋಗಿ, ಅಲ್ಲಿ ದೊಡ್ಡ ಕೇಟರಿಂಗಿನವರಿಗೆ ಕೆಲಸ ಕೊಟ್ಟದ್ದು ನಿಮ್ಮ ತಪ್ಪಲ್ಲ. ಆ ದಿನ ಮನೆಗೆ ಬಂದು ಹೇಳಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ನೀವು ಮುಂದಿನ ತಿಂಗಳೂ ಟಿಫಿನ್ ಬಾಕ್ಸ್ ಹಿಡಿದು ಪರೇಲಿಗೆ ಹೊರಡುತ್ತಿದ್ದಿರಿ. ಎಲ್ಲಿ ಕೂತು ಊಟ ಮಾಡುತ್ತಿದ್ದಿರಿ, ನಮಗೆ ಗೊತ್ತಿಲ್ಲ. ಉಳಿದ ಸಾಲಗಳೆಲ್ಲ ಆ ದಿನಗಳಲ್ಲಿ ಹುಟ್ಟಿದವು.

ಸೋಮವಾರ ಸಿದ್ದಲಿಂಗಪ್ಪನವರು ನಿಮ್ಮ ಲೋನಿನ ಪೇಪರು ಓದಿ ಅರ್ಥ ಹೇಳಿದರು. ಮೂರು ಕಂತು ತಪ್ಪಿದರೆ ರೂಮು ಫೈನಾನ್ಸಿನವನ ಕೈಗೆ. ನೀವದನ್ನು ಓದಿದ್ದೀರೋ ಇಲ್ಲವೋ, ನಾನು ಕೇಳುವುದಿಲ್ಲ. ಮಂಗಳವಾರ ಅವರನ್ನು ಜೊತೆಗೆ ಕರೆದುಕೊಂಡು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಬಡ್ಡಿ ಕಡಿಮೆ ಮಾಡಲಿಲ್ಲ, ಕಂತನ್ನು ಸಣ್ಣದು ಮಾಡಿ ಅವಧಿ ಉದ್ದ ಮಾಡಲು ಒಪ್ಪಿದರು. ಸಾಲ ನಿಮ್ಮ ಹೆಸರಿನದು, ನೀವೇ ಬಂದು ಸಹಿ ಹಾಕಬೇಕಂತೆ. ಆ ಆ್ಯಪಿನವರ ಮೇಲೆ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಟ್ಟೆವು. ಯಕ್ಷಿತಾ ತನ್ನ ಗೆಳತಿಯರ ಫೋನಿಗೆ ಬಂದದ್ದನ್ನೆಲ್ಲ ಕೇಳಿ ತರಿಸಿ, ಒಂದೊಂದಾಗಿ ತೋರಿಸಿದಳು. ಕೇಳಿ ತರಿಸಲು ಅವಳಿಗೆ ಎಷ್ಟು ಕಷ್ಟವಾಗಿರಬೇಕು ಯೋಚಿಸಿ. ನಿನ್ನೆ ವಸೂಲಿಯವರು ಮತ್ತೆ ಬಂದಾಗ ಬಾಗಿಲು ಪೂರ್ತಿ ತೆಗೆದೆ. ‘ಕೊಡುವುದು ನಿಜವಾಗಿ ಎಷ್ಟು ಎಂದು ಬರೆದು, ಸೀಲು-ಸಿಕ್ಕಾ ಹಾಕಿ ತನ್ನಿ. ಬರೆದದ್ದನ್ನು ಕೊಡುತ್ತೇವೆ, ಕೂಗಿದ್ದನ್ನು ಕೊಡುವುದಿಲ್ಲ’ ಎಂದು ಬಂದಷ್ಟು ಮರಾಠಿಯಲ್ಲಿ ಹೇಳಿದೆ. ಅಕ್ಕು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದು ನನ್ನ ಪಕ್ಕ ನಿಂತರು. ವಸೂಲಿಯವರು ಹೋದರು. ಮತ್ತೆ ಬರುತ್ತಾರೆ, ಅದೂ ಗೊತ್ತು. ಅವರು ಹೋದ ಮೇಲೆ ಅಕ್ಕು ನನ್ನನ್ನು ಒಳಗೆ ಕೂಡ್ರಿಸಿ ನೀರು ಕೊಟ್ಟರು.

ಇನ್ನು ನಿಮಗೆ ನೋವಾಗುವ ಎರಡು ಸುದ್ದಿ. ಸ್ಟೀಮರು, ಫ್ರಿಜ್ಜು, ದೊಡ್ಡ ಗ್ರೈಂಡರು ಮೂರನ್ನೂ ಮುಲುಂಡಿನಲ್ಲಿ ಹೊಸ ಹೋಟೆಲು ಹಾಕುವ ಹಿತೇಶನಿಗೆ ಮಾರಲು ಮಾತಾಡಿದ್ದೇನೆ. ಅವನು ಸ್ಟೀಮರಿನ ಮುಚ್ಚಳ ತೆಗೆದು ನೋಡುವಾಗ ನಾನು ಒಳಗೆ ಹೋಗಿ ನಿಂತೆ. ಎರಡನೆಯದು, ಮಾರ್ಚ್ ಒಂದರಿಂದ ಈ ರೂಮನ್ನು ಬಾಡಿಗೆಗೆ ಕೊಡುತ್ತಿದ್ದೇನೆ. ಪವಾಯಿಯ ಆಫೀಸಿಗೆ ಹೋಗುವ ನಿಶಾ ಎಂಬ ಹುಡುಗಿಯೂ ಅವಳ ಅಕ್ಕನೂ ಬಂದು ನೋಡಿ ಒಪ್ಪಿದ್ದಾರೆ. ನಾವು ಅಂಬರನಾಥದಲ್ಲಿ ಚಿಕ್ಕ ರೂಮು ಹಿಡಿಯುತ್ತೇವೆ. ಇಲ್ಲಿ ಬರುವ ಬಾಡಿಗೆಗೂ ಅಲ್ಲಿ ಕೊಡುವ ಬಾಡಿಗೆಗೂ ಇರುವ ವ್ಯತ್ಯಾಸದಲ್ಲಿ ಬ್ಯಾಂಕಿನ ಸಣ್ಣ ಕಂತು ಹೋಗುತ್ತದೆ. ಯಕ್ಷಿತಾಳಿಗೆ ರೈಲು ದೂರವಾಯಿತು, ಲೇಡೀಸ್ ಡಬ್ಬಿಯಲ್ಲಿ ನೇತಾಡಿಕೊಂಡು ಹೋಗಬೇಕು. ನನ್ನ ಹಿಟ್ಟಿನ ಮನೆಗಳು ಅರ್ಧ ತಪ್ಪುತ್ತವೆ. ಗಲ್ಲಾದಲ್ಲಿ ಕೂತು ಕೂತು ಬೆನ್ನು ಬಗ್ಗಿಸಿ ನೀವು ಕೊಂಡ ರೂಮು ಇದು, ಅಡವಿಗೆ ಹೋಗುವುದಿಲ್ಲ, ಉಳಿಯುತ್ತದೆ. ನಾವು ಅದರಲ್ಲಿ ಸ್ವಲ್ಪ ಕಾಲ ಇರುವುದಿಲ್ಲ, ಅಷ್ಟೇ. ಇಷ್ಟರಿಂದ ಎಲ್ಲ ತೀರುತ್ತದೆಂದು ನಾನು ಹೇಳುವುದಿಲ್ಲ. ಕೂಡಿಸಿದರೆ ಈಗಲೂ ಸಾಲದು. ಆದರೆ ಎಷ್ಟು ಸಾಲದು ಎಂದು ಮೂವರಿಗೂ ಗೊತ್ತಿರುತ್ತದೆ.

ಸಾಮಾನು ಸಾಗಿಸುವ ಮೊದಲು ನೀವು ಒಂದು ದಿನ ಬಂದು ಬ್ಯಾಂಕಿನ ಸಹಿ ಮುಗಿಸಿದರೆ ಒಳ್ಳೆಯದು. ಊರಿನಲ್ಲಿರುವ ನಿಮ್ಮ ಅಣ್ಣನಿಗೆ ಸಾಲದ ವಿಷಯ ನಾನು ಏನೂ ಬರೆದಿಲ್ಲ, ಅದು ನೀವು ಹೇಳಬೇಕಾದ್ದು. ಹೋಟೆಲಿನ ಮಾಲೀಕರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ತಿಳಿಸಿ. ಬಿಸಿನೀರಿನಲ್ಲೇ ಸ್ನಾನ ಮಾಡಿ. ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ನೀಲಾವತಿ

ತಾ.ಕ.: ಇವತ್ತೂ ವಾಶಿಗೆ ಬಂದಿದ್ದ ಸುಹಾಸ ಈ ಕಾಗದಕ್ಕಾಗಿ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ನಿಮ್ಮ ಕಾಗದದ ತೀರಾ ಕೆಳಗೆ ಸಣ್ಣಕ್ಷರದಲ್ಲಿ, ‘ನೀನು ಸಹಿ ಹಾಕದಿದ್ದರೂ ಚಿಂತೆಯಿಲ್ಲ, ನನ್ನ ಇನ್ಶೂರೆನ್ಸ್ ಇದೆ, ನನ್ನ ನಂತರ ಎಲ್ಲ ತೀರುತ್ತದೆ’ ಎಂದು ಬರೆದಿದ್ದೀರಿ. ಅದನ್ನು ಕಾಣದವಳ ಹಾಗೆ ಇಷ್ಟುದ್ದ ಬರೆದೆ. ಬರೆಯುವಾಗೆಲ್ಲ ಓದುತ್ತಿದ್ದದ್ದು ಅದನ್ನೇ. ಈಗ ಯಕ್ಷಿತಾ ಕೂಡ ಓದಿದಳು. ಪುಸ್ತಕ ಮುಚ್ಚಿ, ‘ಎಗ್ಸಾಮ್ ಫಿರ್ ಸೇ ದೇ ದೂಂಗೀ’, ಪರೀಕ್ಷೆ ಇನ್ನೊಮ್ಮೆ ಬರೆದರಾಯಿತು ಎಂದು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಳೆ. ನಮಗೆ ಆ ಹಣ ಬೇಡ. ಒಂದು ಪೈಸೆಯೂ ಬೇಡ. ಟೆಂಪೋದಲ್ಲಿ ನಮ್ಮಿಬ್ಬರಿಗೆ ಜಾಗವಿಲ್ಲ, ಸಂಜೆಯ ಗಾಡಿಗೆ ಹೊರಡುತ್ತೇವೆ. ನಾವು ಬರುವವರೆಗೆ ನಿಮ್ಮ ಹತ್ತಿರವೇ ಇರಲು ಸುಹಾಸನಿಗೆ ಹೇಳಿದ್ದೇನೆ, ಅವನನ್ನು ಕಳಿಸಿಬಿಡಬೇಡಿ. ಫೋನು ಹಾಕಿ, ಯಾರು ಬೈದರೂ ಬೈಯಲಿ. ಸ್ಟೇಷನ್ನಿಗೆ ಬರಬೇಡಿ, ಕೇಳಿಕೊಂಡು ಬರುತ್ತೇವೆ. ಹೋಟೆಲಿನಲ್ಲೇ ಇರಿ. ಎಲ್ಲಿಗೂ ಹೋಗಬೇಡಿ.